ಹೂ ಬಿಡುವುದನ್ನು ನಿಲ್ಲಿಸಿದ ಮಲ್ಲಿಗೆ

ಊರಿಗೆ ಹೋಗಿ ಬರುವ ಪುಣೆಯ ಕನ್ನಡಿಗರು ಹಪ್ಪಳ, ಚಟ್ನಿಪುಡಿಗಳೊಡನೆ ದುಂಡುಮಲ್ಲಿಗೆಯ ಸಸಿಯೊಂದನ್ನೂ ತರುವುದುಂಟು. ನಮ್ಮ ಮರಾಠಿ ನೆರೆಯವರ ಮೊಗರಾ ಇದೇ. ಮೊದಲ ಕೆಲವು ವರ್ಷ ಅದು ಧಾರಾಳವಾಗಿ ಹೂ ಕೊಡುತ್ತದೆ. ಅನಂತರ ಎಲೆ ಹಚ್ಚಗಿದ್ದರೂ ಮೊಗ್ಗು ಕಾಣದು. "ಈ ಊರಿನ ನೀರು ಒಗ್ಗಲಿಲ್ಲ" ಎಂದು ಹಿರಿಯರು ನಿಟ್ಟುಸಿರಿಡುತ್ತಾರೆ, ಗಿಡ ಕಸದ ಗಾಡಿಯನ್ನು ಸೇರುತ್ತದೆ. ಊರಿನ ಮನೆ ಮಾರಿಹೋದವರಿಗೆ ಆ ಹಿತ್ತಲಿನ ಗಿಡ ಮತ್ತೆ ಸಿಗುವುದಿಲ್ಲ.

ನೀರಿನ ಮೇಲಿನ ಈ ಆರೋಪ ನ್ಯಾಯವಾದುದಲ್ಲ. ಬೇಸಿಗೆಯಲ್ಲಿ ಗುಲ್ಟೇಕಡಿಯ ಹೂವಿನ ಮಾರುಕಟ್ಟೆಗೆ ಬರುವ ಮೊಗರಾ ರಾಶಿಯನ್ನು ಕಂಡವರು ಅದನ್ನು ಒಪ್ಪಲಾರರು. ಹೂ ನಿಂತ ಗಿಡ ಮುಚ್ಚಿದ ಖಾತೆಯಲ್ಲ; ನಮ್ಮ ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ, ವ್ಯವಹಾರ ನಿಂತ ಖಾತೆ.

ಮಲ್ಲಿಗೆ ಮೊಗ್ಗೊಡೆಯುವುದು ಹೊಸ ಚಿಗುರಿನ ತುದಿಯಲ್ಲಿ. ಹಳೆಯ ಕಡ್ಡಿಗಳನ್ನು ಪ್ರೀತಿಯಿಂದ ಕಾಪಾಡಿದಷ್ಟೂ ಹೂ ಕಡಿಮೆ. ಹಿಮದ ನಾಡುಗಳ ಪಿಯೋನಿ ಗಿಡಕ್ಕೆ ಚಳಿಗಾಲದ ಕೊರೆತವಿಲ್ಲದೆ ಮೊಗ್ಗಾಗದು. ನಮ್ಮ ಮಲ್ಲಿಗೆಗೆ ಬೇಕಾದುದು ತುಸು ಒಣ ವಿಶ್ರಾಂತಿ, ಆಮೇಲೆ ಕತ್ತರಿ. ದಕ್ಷಿಣದ ಬೆಳೆಗಾರರು ನವೆಂಬರಿನಲ್ಲಿ ನೀರು ತಗ್ಗಿಸಿ, ತಿಂಗಳ ಕೊನೆಗೆ ಗಿಡವನ್ನು ನೆಲದಿಂದ ಸುಮಾರು 50 ಸೆಂಟಿಮೀಟರಿಗೆ ಸವರುತ್ತಾರೆ. ಪುಣೆಯ ಚಳಿ ಕೊಂಚ ಹೆಚ್ಚು. ಜನವರಿಯ ಕೊನೆಯಲ್ಲಿ ಸವರಿದರೂ ನಡೆದೀತು. ಸವರಿದ ಮೇಲೆ ಕೊಟ್ಟಿಗೆ ಗೊಬ್ಬರ, ಒಂದು ಹಿಡಿ ಮೂಳೆಪುಡಿ ಕೊಟ್ಟು ಕ್ರಮವಾಗಿ ನೀರೆರೆಯಬೇಕು. ಯೂರಿಯಾ ಬೇಡ, ಅದರಿಂದ ಬೆಳೆಯುವುದು ಎಲೆ.

ಇಷ್ಟಾದರೂ ಹೂ ಬಾರದಿದ್ದರೆ ತಲೆಯೆತ್ತಿ ಎದುರಿಗೆ ನೋಡಿರಿ. ಅಲ್ಲಿ ಹೊಸ ಕಟ್ಟಡ ಎದ್ದು ನಿಮ್ಮ ಗ್ಯಾಲರಿಯ ಬಿಸಿಲನ್ನು ನುಂಗಿರಬಹುದು. ದಿನಕ್ಕೆ ಐದಾರು ತಾಸು ನೇರ ಬಿಸಿಲಿಲ್ಲದ ಕಡೆ ಯಾವ ಗೊಬ್ಬರವೂ ಫಲಿಸದು. ಗಿಡವನ್ನು ಗಚ್ಚಿಗೇರಿಸುವುದೊಂದೇ ದಾರಿ. ಕುಂಡದೊಳಗೆ ಬೇರು ಸುರುಳಿ ಸುತ್ತಿದ್ದರೆ ಹೊರಗಿನ ಬೇರನ್ನಷ್ಟು ಕತ್ತರಿಸಿ, ಹೊಸ ಮಣ್ಣಿನಲ್ಲಿ ನೆಡಬೇಕು. ಕುಂಡದಡಿಯ ತಟ್ಟೆಯಲ್ಲಿ ನೀರು ನಿಲ್ಲಿಸುವ ಅಭ್ಯಾಸವಂತೂ ಬೇರಿಗೂ ಕೇಡು, ಮನೆಮಂದಿಗೂ ಕೇಡು. ಡೆಂಗ್ಯೂ ಹರಡುವ ಸೊಳ್ಳೆ ಅಲ್ಲಿಯೇ ಮೊಟ್ಟೆಯಿಡುತ್ತದೆ. 2024ರಲ್ಲಿ ಪುಣೆಯಲ್ಲಿ ಕಂಡುಬಂದ ಜೀಕಾ ರೋಗವನ್ನು ಹರಡುವುದೂ ಅದೇ ಜಾತಿಯ ಸೊಳ್ಳೆ.

ಇರುವುದು ಒಂದೇ ಗಿಡವಾದರೆ ಕತ್ತರಿ ಹಿಡಿಯಲು ಕೈ ನಡುಗುವುದು ಸಹಜ. ಅಂಥವರು ಹಿಂದಿನ ಮಳೆಗಾಲದಲ್ಲಿಯೇ ಬಲಿತ ಕಡ್ಡಿಗಳೆರಡನ್ನು ಮರಳುಮಿಶ್ರಿತ ಮಣ್ಣಿನಲ್ಲಿ ನೆಟ್ಟು ಬೇರು ಬರಿಸಿಕೊಳ್ಳಲಿ. ಒಂದು ತಮ್ಮಲ್ಲಿರಲಿ, ಇನ್ನೊಂದು ನೆರೆಮನೆಯಲ್ಲಿ.