ಟ್ರ್ಯಾಕ್ ಡೇಗೆ ನಿಮ್ಮ ಕಾರೇ ಸಾಕು

ಕಾರನ್ನ ಜೋರಾಗಿ ಓಡಿಸೋ ಆಸೆ ಇದೆ,
ಆದ್ರೆ ಎಲ್ಲಿ?

ಬೆಂಗಳೂರಿಂದ ಚೆನ್ನೈ ಹೈವೇ ಹಿಡೀರಿ.
ಶ್ರೀಪೆರಂಬದೂರು ದಾಟಿದ್ರೆ ಇರುಂಗಾಟ್ಟುಕೋಟೈ.
ಅಲ್ಲಿದೆ ರೇಸ್ ಟ್ರ್ಯಾಕ್.
ಒಂದು ಸುತ್ತು ಸುಮಾರು 3.7 ಕಿಲೋಮೀಟರ್!

ಟ್ರ್ಯಾಕ್ ಡೇ ಅಂದ್ರೆ ನಮ್ಮ ಕಾರನ್ನ ಇಂಥ ಟ್ರ್ಯಾಕಲ್ಲಿ ಓಡಿಸೋ ದಿನ, ರೇಸ್ ಅಲ್ಲ.
ಗೆಲ್ಲೋರಿಲ್ಲ, ಸೋಲೋರಿಲ್ಲ.
ದಿನಾ ಆಫೀಸಿಗೆ ಹೋಗೋ ಕಾರೇ ಸಾಕು.
ಹೆಲ್ಮೆಟ್ ಮಾತ್ರ ಬೇಕೇ ಬೇಕು.

ಎಲ್ಲರೂ ಎಂಜಿನ್ ಬಗ್ಗೆ ತಲೆ ಕೆಡಿಸ್ಕೊಳ್ತಾರೆ.
ನೀವು ಮೊದಲು ಬ್ರೇಕ್ ನೋಡಿ.
ಹಳೇ ಬ್ರೇಕ್ ಆಯಿಲ್ ನೀರು ಹೀರ್ಕೊಂಡಿರುತ್ತೆ.
ನಾಲ್ಕು ಸುತ್ತು ಜೋರಾಗಿ ಹೊಡೆದ್ರೆ
ಕುದಿಯೋಕೆ ಶುರು.
ಆಗ ಪೆಡಲ್,
ನೆನೆದ ಅವಲಕ್ಕಿ ಥರ ಮೆತ್ತಗೆ!
ಒತ್ತಿದ್ರೂ ಕಾರು ನಿಲ್ಲಲ್ಲ.
ಹೊಸ ಆಯಿಲ್ ಹಾಕಿಸಿ.

ಹಾಂ, ಇನ್ಶೂರೆನ್ಸ್ ಕಾಗದನೂ ಓದ್ಕೊಳ್ಳಿ.
ಟ್ರ್ಯಾಕಲ್ಲಿ ಗುದ್ದಿದ್ರೆ
ಸಾಮಾನ್ಯವಾಗಿ ದುಡ್ಡು ಬರಲ್ಲ.

ರೇಸೇ ಮಾಡ್ಬೇಕಾ?
ಆಗ ದೇಶದ ಮೋಟಾರ್ ಸ್ಪೋರ್ಟ್ಸ್ ಸಂಸ್ಥೆ ಎಫ್‌ಎಂಎಸ್‌ಸಿಐನ ಲೈಸೆನ್ಸ್ ಮಾಡಿಸ್ಬೇಕು.