ಚಮಚದ ಮೇಲಿನ ನಿಂಬೆಹಣ್ಣು: ಭುಜ ಸರಾಗವಾಗಿ ತಿರುಗಬೇಕಾದರೆ

1999ರ ಫೆಬ್ರುವರಿ. ಈಡನ್ ಗಾರ್ಡನ್ಸ್‌ನಲ್ಲಿ ಪಾಕಿಸ್ತಾನದ ಎದುರು ನಡೆದ ಟೆಸ್ಟ್‌ನ ಎರಡನೇ ಇನಿಂಗ್ಸ್‌ನಲ್ಲಿ ಮೈಸೂರಿನ ಜಾವಗಲ್ ಶ್ರೀನಾಥ್ 86 ರನ್ನಿಗೆ 8 ವಿಕೆಟ್ ಕಿತ್ತರು. ಇಡೀ ಪಂದ್ಯದಲ್ಲಿ 13. ಭಾರತ ಆ ಪಂದ್ಯವನ್ನು ಸೋತರೂ ಶ್ರೀನಾಥ್ ಅವರ ಆ ಬೌಲಿಂಗ್ ಕ್ರಿಕೆಟ್ ಪ್ರಿಯರ ನೆನಪಿನಲ್ಲಿ ಉಳಿದಿದೆ. ಅದಕ್ಕೂ ಎರಡು ವರ್ಷ ಹಿಂದೆ, 1997ರಲ್ಲಿ, ಅವರ ಭುಜವೇ ಕೈಕೊಟ್ಟಿತ್ತು. ರೊಟೇಟರ್ ಕಫ್ ಎಂಬ ಸ್ನಾಯುಗುಂಪಿಗೆ ಪೆಟ್ಟಾಗಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದರು, ತಿಂಗಳುಗಟ್ಟಲೆ ಮೈದಾನದಿಂದ ದೂರ ಉಳಿದಿದ್ದರು. ವೇಗದ ಬೌಲರನ ವೃತ್ತಿಯನ್ನೇ ಮುಗಿಸಬಲ್ಲಂಥ ಗಾಯ ಅದು.

ಭುಜ ಇಷ್ಟು ಸುಲಭವಾಗಿ ಏಕೆ ಕೆಡುತ್ತದೆ? ಉತ್ತರ ಅದರ ರಚನೆಯಲ್ಲೇ ಇದೆ.

ಶಾಲೆಯ ಆಟೋಟದ ದಿನ ಬಾಯಲ್ಲಿ ಚಮಚ ಕಚ್ಚಿಕೊಂಡು, ಅದರ ಮೇಲೆ ನಿಂಬೆಹಣ್ಣು ಇಟ್ಟುಕೊಂಡು ಓಡಿದ್ದು ಬಹಳ ಜನರಿಗೆ ನೆನಪಿರುತ್ತದೆ. ಭುಜದ ಕೀಲು ಹೆಚ್ಚುಕಡಿಮೆ ಹಾಗೆಯೇ ಇದೆ. ತೋಳಿನ ಮೂಳೆಯ ತುದಿಯಲ್ಲಿ ದುಂಡನೆಯ ಗುಂಡು, ಅದನ್ನು ಹೊರಲು ಹೆಗಲ ಹಲಗೆಯ ಅಂಚಿನಲ್ಲಿ ಒಂದು ಆಳವಿಲ್ಲದ ಗುಳಿ. ಗುಂಡಿನ ಮೇಲ್ಮೈ ಗುಳಿಗಿಂತ ಮೂರು ನಾಲ್ಕು ಪಟ್ಟು ದೊಡ್ಡದು. ಸೊಂಟದ ಕೀಲಿನಲ್ಲಾದರೆ ಗುಂಡು ಬಟ್ಟಲಿನೊಳಗೆ ಭದ್ರವಾಗಿ ಕೂತಿರುತ್ತದೆ, ಅದಕ್ಕೇ ಕಾಲು ತೋಳಿನಷ್ಟು ಸ್ವತಂತ್ರವಾಗಿ ತಿರುಗುವುದಿಲ್ಲ. ಭುಜಕ್ಕೆ ಸ್ವಾತಂತ್ರ್ಯ ಸಿಕ್ಕಿದೆ, ಭದ್ರತೆ ಸಿಕ್ಕಿಲ್ಲ. ನಿಂಬೆಹಣ್ಣು ಜಾರದಂತೆ ಕ್ಷಣಕ್ಷಣವೂ ಒತ್ತಿ ಹಿಡಿಯುವ ಕೆಲಸ ರೊಟೇಟರ್ ಕಫ್‌ನ ನಾಲ್ಕು ಪುಟ್ಟ ಸ್ನಾಯುಗಳದು.

ಇಲ್ಲಿ ಚಮಚವೂ ಚಲಿಸುತ್ತದೆ ಎಂಬುದನ್ನು ಮರೆಯಬಾರದು. ಬೆನ್ನಿನ ಮೇಲ್ಭಾಗದಲ್ಲಿ ಎರಡೂ ಕಡೆ ರೆಕ್ಕೆಯಂತೆ ಕಾಣುವ ಹೆಗಲ ಹಲಗೆ ಪಕ್ಕೆಲುಬುಗಳ ಮೇಲೆ ಜಾರುತ್ತ, ಓರೆಯಾಗುತ್ತ ತೋಳಿನ ಜೊತೆ ಸಾಗುತ್ತದೆ. ಇಡೀ ತೋಳು ಮುಂಡಕ್ಕೆ ಮೂಳೆಯ ಮೂಲಕ ಕೂಡಿಕೊಳ್ಳುವುದು ಎದೆಮೂಳೆಯ ಮೇಲ್ತುದಿಯಲ್ಲಿ, ಕಾಲರ್ ಮೂಳೆ ಬಂದು ಸೇರುವ ಆ ಒಂದೇ ಕಡೆ. ಉಳಿದದ್ದೆಲ್ಲ ಸ್ನಾಯುಗಳ ತೂಗುಸೇತುವೆ. 1944ರಲ್ಲಿ ಇನ್‌ಮನ್, ಸೌಂಡರ್ಸ್ ಮತ್ತು ಆ್ಯಬಟ್ ಎಂಬ ಸಂಶೋಧಕರು ಭುಜದ ಚಲನೆಯನ್ನು ಅಳೆದು ಒಂದು ಲೆಕ್ಕ ಕೊಟ್ಟರು. ತೋಳನ್ನು ಪಕ್ಕದಿಂದ ನೆತ್ತಿಯವರೆಗೆ 180 ಡಿಗ್ರಿ ಎತ್ತಿದರೆ ಅದರಲ್ಲಿ ಸುಮಾರು 120 ಡಿಗ್ರಿ ಭುಜದ ಕೀಲಿನದು, 60 ಡಿಗ್ರಿ ಹೆಗಲ ಹಲಗೆಯದು. ವ್ಯಕ್ತಿಯಿಂದ ವ್ಯಕ್ತಿಗೆ ಈ ಪ್ರಮಾಣ ತುಸು ಬದಲಾದರೂ ವೈದ್ಯರು ಇಂದಿಗೂ ನೆಚ್ಚಿಕೊಳ್ಳುವ ಲೆಕ್ಕ ಅದು.

ಈ ಕೂಡಾಟವನ್ನು ಕೂತಲ್ಲೇ ಪರೀಕ್ಷಿಸಿ ನೋಡಬಹುದು. ಮೊಬೈಲ್ ನೋಡುವಾಗ ಕೂರುವಂತೆ ಬೆನ್ನು ಗೂನು ಮಾಡಿ, ಗಲ್ಲ ಮುಂದೆ ಚಾಚಿ ಕೂರಿ. ಹಾಗೇ ಎರಡೂ ತೋಳುಗಳನ್ನು ಮುಂದಿನಿಂದ ಮೇಲಕ್ಕೆತ್ತಿ. ಕಿವಿಯ ಹತ್ತಿರ ಬರುವ ಮೊದಲೇ ತೋಳು ತಡೆಯುತ್ತದೆ, ಭುಜದ ನೆತ್ತಿಯಲ್ಲಿ ಏನೋ ಸಿಕ್ಕಿಕೊಂಡ ಹಾಗಾಗುತ್ತದೆ. ಈಗ ಬೆನ್ನು ನೆಟ್ಟಗೆ ಮಾಡಿ, ಎದೆ ಎತ್ತಿ ಮತ್ತೆ ಪ್ರಯತ್ನಿಸಿ. ತೋಳು ಇನ್ನಷ್ಟು ಮೇಲೆ, ಹೆಚ್ಚು ಹಗುರವಾಗಿ ಹೋಗುತ್ತದೆ. ಈ ನಡುವೆ ಭುಜದ ಸ್ನಾಯುವನ್ನು ಯಾರೂ ಎಳೆದು ಉದ್ದ ಮಾಡಲಿಲ್ಲ, ಬದಲಾದದ್ದು ಎದೆಗೂಡಿನ ಹಿಂದಿನ ಬೆನ್ನುಮೂಳೆಯ ಬಾಗು. ಬೆನ್ನು ಗೂನಾದರೆ ಹೆಗಲ ಹಲಗೆ ಮುಂದಕ್ಕೆ ಬಾಗಿ ತೋಳಿನ ದಾರಿಗೆ ಅಡ್ಡವಾಗುತ್ತದೆ. ದಿನವಿಡೀ ಕಂಪ್ಯೂಟರ್ ಮುಂದೆ ಕೂತು, ಸಂಜೆ ಜಿಮ್‌ಗೆ ಹೋಗಿ ತಲೆಯ ಮೇಲೆ ಭಾರ ಎತ್ತುವವರು ಭುಜ ಬಿಗಿ ಎಂದು ಭುಜವನ್ನೇ ಜಗ್ಗುತ್ತಿರುತ್ತಾರೆ. ಬಿಗಿ ಇರುವುದು ಎಷ್ಟೋ ಸಲ ಬೆನ್ನಿನಲ್ಲಿ.

ಮನುಷ್ಯನ ಭುಜ ಇಷ್ಟೊಂದು ಸಡಿಲವಾಗಿರುವುದಕ್ಕೆ ಲಕ್ಷಾಂತರ ವರ್ಷಗಳ ಹಿನ್ನೆಲೆಯಿದೆ. ಚಿಂಪಾಂಜಿಗೆ ನಮಗಿಂತ ಬಲ ಹೆಚ್ಚು, ಆದರೂ ಹನ್ನೆರಡು ವರ್ಷದ ಹುಡುಗ ಎಸೆಯುವ ವೇಗದಲ್ಲಿ ಅದು ಕಲ್ಲು ಎಸೆಯಲಾರದು. ಬೇಸ್‌ಬಾಲ್ ಆಟಗಾರರ ಎಸೆತವನ್ನು ಕ್ಯಾಮೆರಾಗಳಲ್ಲಿ ಸೆರೆಹಿಡಿದು ಅಭ್ಯಸಿಸಿದ ನೀಲ್ ರೋಚ್ ಮತ್ತು ಸಂಗಡಿಗರು 2013ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಇದರ ಗುಟ್ಟನ್ನು ವಿವರಿಸಿದರು. ತೋಳನ್ನು ಹಿಂದಕ್ಕೆ ಒಯ್ದಾಗ ಭುಜದ ಸುತ್ತಲಿನ ಸ್ನಾಯುರಜ್ಜು, ಅಸ್ಥಿರಜ್ಜುಗಳು ಕವಣೆಯ ರಬ್ಬರಿನಂತೆ ಹಿಗ್ಗಿ ಶಕ್ತಿಯನ್ನು ಕೂಡಿಟ್ಟುಕೊಳ್ಳುತ್ತವೆ, ಬಿಟ್ಟ ಕೂಡಲೇ ಅದು ತೋಳನ್ನು ಮುಂದಕ್ಕೆ ಚಿಮ್ಮಿಸುತ್ತದೆ. ಇದಕ್ಕೆ ಬೇಕಾದ ದೇಹರಚನೆಯೆಲ್ಲ ಸುಮಾರು 20 ಲಕ್ಷ ವರ್ಷಗಳ ಹಿಂದೆ ನಮ್ಮ ಪೂರ್ವಜರಲ್ಲಿ ಒಂದುಗೂಡಿತು ಎಂಬುದು ಅವರ ಅಭಿಪ್ರಾಯ. ಬೇಸ್‌ಬಾಲ್ ಪಿಚರ್‌ಗಳ ತೋಳು ಚೆಂಡು ಬಿಡುವ ಹೊತ್ತಿಗೆ ಸೆಕೆಂಡಿಗೆ 7000 ಡಿಗ್ರಿ ವೇಗದಲ್ಲಿ ಒಳಕ್ಕೆ ತಿರುಗುತ್ತದೆ. ಅದೇ ವೇಗದಲ್ಲಿ ಒಂದಿಡೀ ಸೆಕೆಂಡು ತಿರುಗಲು ಸಾಧ್ಯವಾಗಿದ್ದರೆ 19 ಸುತ್ತು ದಾಟುತ್ತಿತ್ತು.

ಅದೇ ಕವಣೆಯನ್ನು 2025ರ ಜುಲೈ 5ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಜನ ಕಣ್ಣಾರೆ ನೋಡಿದರು. ನೀರಜ್ ಚೋಪ್ರಾ ಅಂದು 800 ಗ್ರಾಂ ತೂಕದ ಜಾವೆಲಿನ್ ಅನ್ನು 86.18 ಮೀಟರ್ ಎಸೆದು ಗೆದ್ದರು. ಬಲಗೈಯಲ್ಲಿ ಜಾವೆಲಿನ್ ಎಸೆಯುವವರ ಕೊನೆಯ ಹೆಜ್ಜೆಯನ್ನು ನಿಧಾನಗತಿಯಲ್ಲಿ ನೋಡಬೇಕು. ಎಡಗಾಲು ನೆಲಕ್ಕೆ ಗೂಟ ಹೊಡೆದಂತೆ ನಿಲ್ಲುತ್ತದೆ, ಸೊಂಟ ಮೊದಲು ತಿರುಗುತ್ತದೆ, ಎದೆ ಮುಂದಕ್ಕೆ ಉಬ್ಬುತ್ತದೆ, ಕೈ ಮಾತ್ರ ಇನ್ನೂ ಹಿಂದೆಯೇ ಉಳಿದಿರುತ್ತದೆ. ಮೈಯೆಲ್ಲ ಹೆದೆ ಎಳೆದ ಬಿಲ್ಲು. ಬೆನ್ನು ಮತ್ತು ಎದೆಗೂಡು ಹೀಗೆ ಬಾಗದಿದ್ದರೆ ಆ ಕೊರತೆಯನ್ನೆಲ್ಲ ಭುಜ ಮತ್ತು ಮೊಣಕೈಗಳೇ ತುಂಬಬೇಕಾಗುತ್ತದೆ. ಎಸೆತಗಾರರಿಗೆ ಆ ಎರಡು ಕೀಲುಗಳ ಕಾಟ ಹೆಚ್ಚು. ನೀರಜ್ ಕೂಡ 2019ರಲ್ಲಿ ಮೊಣಕೈ ಶಸ್ತ್ರಚಿಕಿತ್ಸೆಗೆ ಒಳಗಾಗಿದ್ದರು.

ಹಾಗಾದರೆ ಆಟಕ್ಕೆ ಮೊದಲು ತೋಳನ್ನು ಎಷ್ಟು ಜಗ್ಗಬೇಕು? ತೋಳನ್ನು ಎದೆಗೆ ಅಡ್ಡ ತಂದು, ಇನ್ನೊಂದು ಕೈಯಿಂದ ಒತ್ತಿ, ಹಾಗೇ ಹಿಡಿದು ನಿಲ್ಲುವ ಸ್ಟ್ರೆಚಿಂಗ್ ಎಲ್ಲ ಮೈದಾನಗಳಲ್ಲೂ ಕಾಣುತ್ತದೆ. ಡೇವಿಡ್ ಬೆಹ್ಮ್ ಮತ್ತು ಸಹೋದ್ಯೋಗಿಗಳು ಇದರ ಬಗೆಗಿನ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 2016ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ಒಂದು ಸ್ನಾಯುವನ್ನು 60 ಸೆಕೆಂಡಿಗಿಂತ ಹೆಚ್ಚು ಹೊತ್ತು ಹೀಗೆ ಹಿಡಿದರೆ ಆಮೇಲಿನ ಸಾಮರ್ಥ್ಯ ಸರಾಸರಿ ಶೇ 4.6ರಷ್ಟು ಇಳಿಯುತ್ತದೆ. ಅದಕ್ಕಿಂತ ಕಡಿಮೆ ಹೊತ್ತಾದರೆ ಇಳಿಕೆ ಶೇ 1.1 ಮಾತ್ರ. ತೋಳು ಬೀಸುತ್ತ, ಸುತ್ತುತ್ತ ಮಾಡುವ ಸ್ಟ್ರೆಚಿಂಗ್‌ನಿಂದ ಶೇ 1.3ರಷ್ಟು ಲಾಭವೇ ಆಗುತ್ತದೆ. ಸಾಮಾನ್ಯರಿಗೆ ಇವು ಚಿಲ್ಲರೆ ಅಂಕಿಗಳು. ಸೆಂಟಿಮೀಟರ್‌ಗಳಲ್ಲಿ ಪದಕ ಕೈತಪ್ಪುವ ಕ್ರೀಡಾಪಟುವಿಗೆ ಹಾಗಲ್ಲ. ಮೈ ಬಿಸಿಯಾಗಲು ಬೀಸುವ ವ್ಯಾಯಾಮ, ಆಟ ಮುಗಿದ ಮೇಲೆ ಅಥವಾ ಬೇರೆ ಹೊತ್ತಿನಲ್ಲಿ ಹಿಡಿದು ನಿಲ್ಲುವ ಸ್ಟ್ರೆಚಿಂಗ್ ಎಂದು ತರಬೇತುದಾರರು ವಿಂಗಡಿಸಿರುವುದು ಇದೇ ಕಾರಣಕ್ಕೆ.

ಸ್ಟ್ರೆಚಿಂಗ್ ಮಾಡಿದರೆ ಮರುದಿನದ ಮೈಕೈ ನೋವು ಬರುವುದಿಲ್ಲ ಎಂಬ ನಂಬಿಕೆಯೂ ಇದೆ. ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡುವ ಕಾಕ್ರೇನ್ ಸಂಸ್ಥೆಯ 2011ರ ಸಮೀಕ್ಷೆಯಲ್ಲಿ ಅದಕ್ಕೆ ಬೆಂಬಲ ಸಿಗಲಿಲ್ಲ, ನೋವಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಕಾಣಲಿಲ್ಲ. ಕೆಲವು ವಾರ ಜಗ್ಗಿದರೆ ಸ್ನಾಯು ಉದ್ದವಾಗುತ್ತದೆ ಎಂಬ ಮಾತೂ ಅಷ್ಟು ಸರಳವಲ್ಲ. ಸ್ನಾಯುವಿನೊಳಗೆ ಎಳೆತವನ್ನು ಗ್ರಹಿಸುವ ನರತಂತುಗಳಿವೆ, ಅಪಾಯ ಎನ್ನಿಸಿದ ಕೂಡಲೇ ಅವು ಮಿದುಳುಬಳ್ಳಿಗೆ ಸುದ್ದಿ ಮುಟ್ಟಿಸಿ ಸ್ನಾಯುವನ್ನು ಬಿಗಿಗೊಳಿಸುತ್ತವೆ. ನಿತ್ಯದ ಅಭ್ಯಾಸದಿಂದ ಮೊದಮೊದಲು ಹೆಚ್ಚುವುದು ಬಹುಮಟ್ಟಿಗೆ ಆ ಎಳೆತವನ್ನು ತಾಳಿಕೊಳ್ಳುವ ಗುಣ. ಅಷ್ಟು ದೂರ ಹೋದರೂ ಭಯವಿಲ್ಲ ಎಂದು ನರಮಂಡಲ ಒಪ್ಪಿಕೊಳ್ಳುತ್ತದೆ. ಕೀಲನ್ನು ಪೂರ್ತಿ ತಿರುಗಿಸುತ್ತ ಭಾರ ಎತ್ತುವ ವ್ಯಾಯಾಮವೂ ಸ್ಟ್ರೆಚಿಂಗ್‌ನಷ್ಟೇ ಚೆನ್ನಾಗಿ ಚಲನೆಯನ್ನು ಹಿಗ್ಗಿಸುತ್ತದೆ ಎಂದು 2021ರ ಒಂದು ವಿಶ್ಲೇಷಣೆ ತೋರಿಸಿದೆ. ಕೈ ಎಷ್ಟು ದೂರ ಹೋಗುತ್ತದೆ ಎಂಬುದರ ಜೊತೆಗೆ, ಹೋದಲ್ಲಿ ಅದನ್ನು ಹಿಡಿದು ನಿಲ್ಲಿಸುವ ಬಲ ಇದೆಯೇ ಎಂದೂ ನೋಡಬೇಕು. ಹಿಡಿತವಿಲ್ಲದ ಸಡಿಲ ಭುಜದಿಂದ ನಿಂಬೆಹಣ್ಣು ಜಾರುವ ಸಂಭವವೇ ಹೆಚ್ಚು.

ನಾರ್ವೆಯ ಹ್ಯಾಂಡ್‌ಬಾಲ್ ತಂಡಗಳಲ್ಲಿ ಇದರ ನಿಜವಾದ ಪರೀಕ್ಷೆ ನಡೆಯಿತು. ಉನ್ನತ ದರ್ಜೆಯ 45 ತಂಡಗಳ 660 ಆಟಗಾರರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮೈ ಬಿಸಿ ಮಾಡಿಕೊಳ್ಳುವ ಹೊತ್ತಿನಲ್ಲೇ ವಾರಕ್ಕೆ ಮೂರು ಸಲ ಹತ್ತು ನಿಮಿಷದ ವ್ಯಾಯಾಮ ಕಲಿಸಲಾಯಿತು. ಭುಜದ ಒಳತಿರುವನ್ನು ಹಿಗ್ಗಿಸುವುದು, ಹೊರಕ್ಕೆ ತಿರುಗಿಸುವ ಸ್ನಾಯುಗಳಿಗೆ ಬಲ ಕೊಡುವುದು, ಹೆಗಲ ಹಲಗೆಯ ಸ್ನಾಯುಗಳನ್ನು ಗಟ್ಟಿ ಮಾಡುವುದು, ಎದೆಗೂಡಿನ ಹಿಂಭಾಗದ ಬೆನ್ನನ್ನು ಸಡಿಲಗೊಳಿಸುವುದು ಎಲ್ಲವೂ ಅದರಲ್ಲಿದ್ದವು. 2017ರಲ್ಲಿ ಪ್ರಕಟವಾದ ಫಲಿತಾಂಶದಂತೆ ಈ ಗುಂಪಿನಲ್ಲಿ ಭುಜದ ತೊಂದರೆಯ ಸಂಭವ ಶೇ 28ರಷ್ಟು ಕಡಿಮೆಯಾಗಿತ್ತು. ಬರೀ ಜಗ್ಗಾಟಕ್ಕೆ ಸಿಕ್ಕ ಫಲ ಇದಲ್ಲ, ಬಲ ಮತ್ತು ಚಲನೆಯನ್ನು ಜೊತೆಗೂಡಿಸಿದ್ದಕ್ಕೆ ಸಿಕ್ಕಿದ್ದು.

ಗರಡಿ ಮನೆಯ ಪೈಲ್ವಾನರು ತಲೆಮಾರುಗಳಿಂದ ಈ ಎರಡನ್ನೂ ಒಂದೇ ಸಾಧನದಲ್ಲಿ ಸಾಧಿಸುತ್ತ ಬಂದಿದ್ದಾರೆ. ಮರದ ಗದೆಯನ್ನು ಎದೆಯ ಮುಂದೆ ನೆಟ್ಟಗೆ ಹಿಡಿದು, ಹೆಗಲ ಮೇಲಿನಿಂದ ಬೆನ್ನ ಹಿಂದಕ್ಕೆ ಇಳಿಬಿಟ್ಟು, ಅದರ ತೂಗಾಟ ಮುಗಿಯುವ ಮೊದಲೇ ಸುತ್ತಿ ಮುಂದಕ್ಕೆ ತರುತ್ತಾರೆ. ಗದೆ ಹಿಂದೆ ಇಳಿದಾಗ ಅದರ ಭಾರವೇ ಭುಜವನ್ನು ಹಿಗ್ಗಿಸುತ್ತದೆ, ಮುಂದೆ ತರುವಾಗ ರೊಟೇಟರ್ ಕಫ್ ಮತ್ತು ಹೆಗಲ ಹಲಗೆಯ ಸ್ನಾಯುಗಳು ದುಡಿಯಬೇಕಾಗುತ್ತದೆ. ಭಾರತದಲ್ಲಿದ್ದ ಬ್ರಿಟಿಷ್ ಸೈನ್ಯಾಧಿಕಾರಿಗಳು 19ನೇ ಶತಮಾನದಲ್ಲಿ ಇದನ್ನು ಕಲಿತು ತಮ್ಮ ನಾಡಿಗೆ ಒಯ್ದರು. ಅಲ್ಲಿ ಅದಕ್ಕೆ 'ಇಂಡಿಯನ್ ಕ್ಲಬ್' ಎಂಬ ಹೆಸರೇ ನಿಂತಿತು. 1904ರ ಸೇಂಟ್ ಲೂಯಿಸ್ ಮತ್ತು 1932ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗಳ ಜಿಮ್ನಾಸ್ಟಿಕ್ಸ್‌ನಲ್ಲಿ ಕ್ಲಬ್ ಬೀಸುವುದಕ್ಕೂ ಪದಕ ಕೊಡಲಾಗಿತ್ತು.

ಬಲ, ಚಲನೆ ಎರಡನ್ನೂ ಕೂಡಿಸುವ ಅಭ್ಯಾಸವನ್ನು ಮನೆಯಲ್ಲಿ ಶುರುಮಾಡಲು ಗದೆ ಬೇಕೆಂದಿಲ್ಲ. ಗೋಡೆಗೆ ಬೆನ್ನು ತಾಗಿಸಿ ನಿಂತು, ಮೊಣಕೈ ಮತ್ತು ಮುಂಗೈಯ ಹಿಂಬದಿ ಗೋಡೆಯಿಂದ ಬಿಡದಂತೆ ತೋಳುಗಳನ್ನು ನಿಧಾನವಾಗಿ ಮೇಲೆ ಕೆಳಗೆ ಜಾರಿಸಬೇಕು, ಹತ್ತು ಸಲ. ಅಂಬೆಗಾಲಿನಲ್ಲಿ ಕೂತು ಒಂದು ಕೈಯನ್ನು ತಲೆಯ ಹಿಂದೆ ಇಟ್ಟು, ಮೊಣಕೈ ಆಕಾಶ ನೋಡುವಂತೆ ಎದೆಯನ್ನು ತಿರುಗಿಸಬೇಕು, ಪ್ರತಿ ಕಡೆಗೆ ಎಂಟು ಸಲ. ಎದೆಯ ಸ್ನಾಯುವಿಗೆ ಬಾಗಿಲ ಚೌಕಟ್ಟು ಸಾಕು. ಮುಂಗೈಯನ್ನು ಚೌಕಟ್ಟಿಗೆ ಒತ್ತಿ, ಒಂದು ಹೆಜ್ಜೆ ಮುಂದಿಟ್ಟು 30 ಸೆಕೆಂಡು ನಿಲ್ಲುವುದು, ಎರಡು ಸಲ. ವಾರಕ್ಕೆ ಎರಡು ಮೂರು ದಿನ ಮಾಡಿದರೂ ಪ್ರಯೋಜನವಿದೆ. ರಾತ್ರಿ ಆ ಮಗ್ಗುಲಲ್ಲಿ ಮಲಗಲಾಗದಷ್ಟು ನೋವಿದ್ದರೆ, ತಲೆ ಬಾಚಲೂ ತೋಳು ಏಳದಿದ್ದರೆ ಜಗ್ಗುವುದನ್ನು ಬಿಟ್ಟು ವೈದ್ಯರನ್ನು ಕಾಣಬೇಕು. ಮಧುಮೇಹ ಇರುವವರಲ್ಲಿ ಭುಜ ಮರಗಟ್ಟಿದಂತಾಗುವ ಫ್ರೋಜನ್ ಶೋಲ್ಡರ್ ಉಳಿದವರಿಗಿಂತ ಹೆಚ್ಚು, ಅವರಂತೂ ತಡ ಮಾಡಬಾರದು.

ಇಷ್ಟೆಲ್ಲ ನೋವಿಲ್ಲದೆ ರೂಢಿಯಾದ ಮೇಲೆ ಅರ್ಧ ಲೀಟರ್ ನೀರು ತುಂಬಿದ ಬಾಟಲಿಯ ಕತ್ತನ್ನು ಬಿಗಿಯಾಗಿ ಹಿಡಿದು, ಸುತ್ತ ಯಾರೂ ಇಲ್ಲದ ಕಡೆ, ಗದೆ ಬೀಸಿದ ಹಾಗೆಯೇ ಹೆಗಲ ಮೇಲಿನಿಂದ ಬೆನ್ನ ಹಿಂದೆ ಇಳಿಬಿಟ್ಟು ಮುಂದಕ್ಕೆ ತರಬಹುದು. ಮೊದಲ ದಿನ ಪ್ರತಿ ಕೈಗೆ ಐದು ಸುತ್ತು ಸಾಕು.