ಪಂಪು ಕೆಡುವುದು ಬಿಡುವಿನಲ್ಲಿ

ಮನೆಯ ಟ್ಯಾಂಕು ನಲ್ಲಿಗಿಂತ 10 ಮೀಟರ್ ಎತ್ತರದಲ್ಲಿದ್ದರೂ ನೀರಿಗೆ ಸಿಗುವ ಒತ್ತಡ ಹೆಚ್ಚುಕಡಿಮೆ ಒಂದು ಬಾರ್. ಅದೇ ನೀರನ್ನು ಪೆಟ್ರೋಲ್ ಪ್ರೆಶರ್ ವಾಷರ್ 150–200 ಬಾರ್‌ಗೆ ಏರಿಸಿ, ಒಂದು ಮಿಲಿಮೀಟರ್ ಆಸುಪಾಸಿನ ನಾಝಲ್ ತೂತಿನಿಂದ ಚಿಮ್ಮಿಸುತ್ತದೆ. ಮಳೆಗಾಲದಲ್ಲಿ ಅಂಗಳಕ್ಕೆ ಕಟ್ಟಿದ ಪಾಚಿ ಎದ್ದು ಬರುವುದು ಈ ಹೊಡೆತಕ್ಕೆ. ಇಷ್ಟು ದುಡಿದರೂ ದುಡಿತದಲ್ಲಿ ಅದು ಕೆಡುವುದು ಕಡಿಮೆ. ನಾವು ಕೊಡುವ ಬಿಡುವೇ ಅದಕ್ಕೆ ಕುತ್ತು.

ಟ್ರಿಗರ್ ಬಿಟ್ಟು ಫೋನಿನಲ್ಲಿ ಮಾತಿಗೆ ನಿಂತಿರಿ ಎನ್ನಿ. ಎಂಜಿನ್ ಓಡುತ್ತಲೇ ಇದೆ, ಪಂಪಿನ ಪಿಸ್ಟನ್‌ಗಳೂ ಆಡುತ್ತಿವೆ. ಹೊರದಾರಿ ಮುಚ್ಚಿದ್ದರಿಂದ ಅನ್‌ಲೋಡರ್ ವಾಲ್ವ್ ನೀರನ್ನು ಪಂಪಿನೊಳಗೇ ಸುತ್ತಿಸುತ್ತದೆ. ಅಷ್ಟೇ ನೀರು ಮತ್ತೆ ಮತ್ತೆ ಸುತ್ತಿ ಕೆಲವೇ ನಿಮಿಷಗಳಲ್ಲಿ ಕೈ ಸುಡುವಷ್ಟು ಕಾಯುತ್ತದೆ. ಹಲವು ಪಂಪುಗಳಲ್ಲಿ, ಸುಮಾರು 60 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ತೆರೆದು ಬಿಸಿನೀರು ಹೊರಚೆಲ್ಲುವ ಪುಟ್ಟ ವಾಲ್ವ್ ಇರುತ್ತದೆ. ಅದು ಸೋರಿಕೆಯೆಂದು ತಿಳಿದು ಬಾಯಿಗೆ ಅಂಟು ಮೆತ್ತಬೇಡಿ. ಶಾಖಕ್ಕೆ ಮೊದಲು ಸೋಲುವುದು ಪಿಸ್ಟನ್ ಸುತ್ತಲಿನ ಸೀಲ್. ಆಯಿಲ್ ಗಾಜು ಇರುವ ಪಂಪಾದರೆ ಬಿಚ್ಚದೆಯೇ ಇದನ್ನು ಪತ್ತೆ ಹಚ್ಚಬಹುದು: ಒಳಗಿನ ಆಯಿಲ್ ಹಾಲು ಬೆರೆಸಿದ ಚಹಾದಂತೆ ಕಂಡರೆ ನೀರು ಸೇರಿದೆ, ಸೀಲ್ ಬದಲಿಸಬೇಕು. ಎರಡು ನಿಮಿಷಕ್ಕಿಂತ ಹೆಚ್ಚು ಬಿಡುವಿದ್ದರೆ ಎಂಜಿನ್ ಆರಿಸುವುದೇ ಸರಿ.

ನೀರು ಒಳಬರುವ ಕಡೆಯ ಜಾಲರಿಯನ್ನು ಪ್ರತಿ ಸಲ ತೊಳೆಯಿರಿ. ಅದು ಕಟ್ಟಿದರೆ ನೀರು ಸಾಲದೆ ಪಂಪಿನೊಳಗೆ ಆವಿಯ ಗುಳ್ಳೆಗಳು ಹುಟ್ಟುತ್ತವೆ. ಒತ್ತಡಕ್ಕೆ ಒಡೆಯುವ ಗುಳ್ಳೆಗಳು ಲೋಹವನ್ನೇ ಕೊರೆಯುತ್ತವೆ.

ಎಂಜಿನ್ನಿನ ಉಪಚಾರ ಸುಲಭ. ಈ ಗಾತ್ರದ ಎಂಜಿನ್‌ಗೆ ಅರ್ಧ ಲೀಟರಿಗಿಂತ ತುಸು ಹೆಚ್ಚು ಆಯಿಲ್ ಸಾಕು. ಹೊಸದರಲ್ಲಿ ಸವೆದ ಲೋಹದ ಪುಡಿ ಸೇರುವುದರಿಂದ ಮೊದಲ 20 ಗಂಟೆಗೆ, ಆಮೇಲೆ 100 ಗಂಟೆಗೊಮ್ಮೆ ಬದಲಿಸುವುದು ರೂಢಿ. ತೊಡಕಿರುವುದು ಪೆಟ್ರೋಲಿನಲ್ಲಿ. ಈಗ ಬಂಕಿನಲ್ಲಿ ಸಿಗುವ ಇ20ಯಲ್ಲಿ ಶೇ 20ರವರೆಗೆ ಎಥನಾಲ್ ಇದೆ, ಅದು ಗಾಳಿಯ ತೇವವನ್ನು ಹೀರುತ್ತದೆ. ತಿಂಗಳುಗಟ್ಟಲೆ ನಿಂತ ಪೆಟ್ರೋಲ್ ಅಂಟಾಗಿ ಕಾರ್ಬ್ಯುರೇಟರಿನ ಜೆಟ್ ಕಟ್ಟುತ್ತದೆ. ಮೂಲೆಗೆ ಸೇರಿಸುವ ಮುಂಚೆ ಟ್ಯಾಂಕ್ ಬರಿದು ಮಾಡಿ, ಉಳಿದದ್ದು ಉರಿದು ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ. ಆಗಲೂ ನೀರಿನ ಪೈಪು ಜೋಡಿಸಿದ್ದು, ಟ್ರಿಗರ್ ಒತ್ತಿಯೇ ಇರಬೇಕು. ಒಣಗಿ ಓಡಿದ ಪಂಪು ಉಳಿಯುವುದಿಲ್ಲ.

ಕೆಲಸದ ನಡುವೆ ನಿಲ್ಲಿಸಿದ ಎಂಜಿನ್ನಿನ ಹಗ್ಗ ಎಳೆಯಲು ಗಟ್ಟಿಯೆನಿಸಿದರೆ ಮೆಕ್ಯಾನಿಕ್‌ನನ್ನು ಕರೆಯುವ ಮೊದಲು ಟ್ರಿಗರ್ ಒತ್ತಿ ನೋಡಿ. ಹೋಸಿನಲ್ಲಿ ಉಳಿದ ಒತ್ತಡ ಹೋದರೆ ಹಗ್ಗ ಸಲೀಸಾಗಿ ಬರುತ್ತದೆ.